ಕೆವಿನ್ ಲೋ ಬಗ್ಗೆ ಓಡಾಡುತ್ತಿರುವ ಮೆಸೇಜ್: ಒಂದು ಸ್ಪಷ್ಟನೆ

ಕೆನಡಾದ ಐಸ್ ಹಾಕಿ ತಂಡ ಎಡ್ಮಂಟನ್ ಆಯಿಲರ್ಸ್‌ನ ಮಾಜಿ ಡಿಫೆನ್ಸ್‌ಮನ್ (ರಕ್ಷಣಾ ಆಟಗಾರ) ಕೆವಿನ್ ಲೋ ಆರು ಸ್ಟಾನ್ಲಿ ಕಪ್ (ಎನ್‌ಎಚ್‌ಎಲ್ ಅನ್ನೋ ಉತ್ತರ ಅಮೆರಿಕದ ಹಾಕಿ ಲೀಗ್‌ನ ಚಾಂಪಿಯನ್ ಟ್ರೋಫಿ) ಗೆದ್ದಿದ್ದೂ ಆಯಿಲರ್ಸ್ ಪರವಾಗಿಯೇ, 2006ರಲ್ಲಿ ಕೋಚ್ ಆಗಿ ತಂಡವನ್ನು ಫೈನಲ್‌ಗೆ ಒಯ್ದಿದ್ದೂ ಅವರೇ, ಎನ್‌ಎಚ್‌ಎಲ್‌ನಲ್ಲಿ ತಂಡದ ಮೊದಲ ಗೋಲು ಮಾತ್ರ ಅದೇ ತಂಡದ ಸ್ಟಾರ್ ಆಟಗಾರ ವೇಯ್ನ್ ಗ್ರೆಟ್ಸ್ಕಿಯದು ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಮೂರೂ ತಪ್ಪು.

ಕಪ್ ಆರು ಅನ್ನೋದೇನೋ ನಿಜ. ಆದರೆ ಆಯಿಲರ್ಸ್ ಜೊತೆ ಗೆದ್ದಿದ್ದು ಐದು: 1984, 85, 87, 88, 90. ಆರನೆಯದು 1994ರಲ್ಲಿ, ನ್ಯೂಯಾರ್ಕ್ ರೇಂಜರ್ಸ್ ಜೊತೆ. ಆ ರೇಂಜರ್ಸ್‌ನಲ್ಲಿ ಲೋ, ಮಾರ್ಕ್ ಮೆಸಿಯೇ ಸೇರಿ ಹಳೇ ಆಯಿಲರ್ಸ್ ಆಟಗಾರರೇ ಏಳು ಜನ ಇದ್ದರು, ಗೊಂದಲ ಆಗಿದ್ದು ಅದಕ್ಕೇ ಇರಬಹುದು.

ಲೋ ಹೆಡ್ ಕೋಚ್ ಆಗಿದ್ದು 1999-2000ರ ಒಂದೇ ಸೀಸನ್. ಆಮೇಲೆ ಜನರಲ್ ಮ್ಯಾನೇಜರ್ ಆದರು. 2006ರಲ್ಲಿ ಬೆಂಚ್ ಹಿಂದೆ ನಿಂತಿದ್ದ ಕೋಚ್ ಕ್ರೇಗ್ ಮ್ಯಾಕ್‌ಟ್ಯಾವಿಷ್. ತಂಡ ಕಟ್ಟಿದ್ದು ಲೋ, ಆಡಿಸಿದ್ದು ಇವರು. ಫೈನಲ್‌ನಲ್ಲಿ ಏಳನೇ ಪಂದ್ಯದವರೆಗೂ ಹೋಗಿ ಕೆರೊಲಿನಾ ಎದುರು ಸೋತರು.

ಇನ್ನು ಮೊದಲ ಗೋಲು. ನನಗೆ ಇದೇ ಜಾಸ್ತಿ ಬೇಜಾರು, ಯಾಕಂದ್ರೆ ಆ ಗೋಲು ಹೊಡೆದಿದ್ದೇ ಲೋ! 1979ರ ಅಕ್ಟೋಬರ್ 10, ಶಿಕಾಗೊದಲ್ಲಿ, ಎನ್‌ಎಚ್‌ಎಲ್‌ನಲ್ಲಿ ತಂಡದ ಮೊದಲ ಪಂದ್ಯ. ಅಧಿಕೃತ ಸ್ಕೋರ್ ದಾಖಲೆಯಲ್ಲಿ ಗೋಲಿನ ಮುಂದೆ ಲೋ ಹೆಸರಿದೆ, ಅಸಿಸ್ಟ್‌ನಲ್ಲಿ (ಗೋಲಿಗೆ ಪಾಸ್ ಕೊಟ್ಟವರ ಪಟ್ಟಿ) ಗ್ರೆಟ್ಸ್ಕಿ ಹೆಸರು. ಗೋಲಿಗೂ ಅಸಿಸ್ಟ್‌ಗೂ ಒಂದೊಂದು ಪಾಯಿಂಟ್, ಗ್ರೆಟ್ಸ್ಕಿಯ ಮೊದಲ ಎನ್‌ಎಚ್‌ಎಲ್ ಪಾಯಿಂಟ್ ಕೂಡ ಅದೇ. ಆಯಿಲರ್ಸ್ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳೋದು) ಆರಿಸಿದ ಮೊದಲ ಆಟಗಾರನೂ ಲೋನೇ, ಒಟ್ಟಾರೆ 21ನೇ ಆಯ್ಕೆ.

ಹಳೇ ಮೆಸೇಜ್ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪ್‌ಗೆ ಇದನ್ನೂ ಹಾಕಿಬಿಡಿ.