ಆಮೆನ್ ಮತ್ತು ಸಿಗಡಿ

ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ಒಂಚೂರು ಬೇಗ ಮುಗಿಸಿ ಎಂದು ಪಾಸ್ಟರಿಗೆ ಹೇಳುವ ಎದೆಗಾರಿಕೆ ಯಾರಿಗೂ ಇರುವುದಿಲ್ಲ. ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರ ಮಧ್ಯಾಹ್ನ, ದಕ್ಷಿಣ ಕ್ಯಾರೊಲೈನಾದ ಕರಾವಳಿಯ ಚರ್ಚಿನ ಹಿತ್ತಿಲಲ್ಲಿ, ಕುದಿಯುವ ಹಂಡೆಯ ಮುಂದೆ ನಿಂತವರಿಗಂತೂ ಇಲ್ಲವೇ ಇಲ್ಲ. ದೇಶಕ್ಕೆ, ಸೈನಿಕರಿಗೆ, ಹಾಸಿಗೆ ಹಿಡಿದವರಿಗೆ, ಕೊನೆಗೆ ಅಡುಗೆ ಮಾಡಿದ ಕೈಗಳಿಗೂ ಆಶೀರ್ವಾದ ಬೇಡುತ್ತಾರೆ. ಬೇಡಲಿ, ಒಳ್ಳೆಯದೇ. ಆದರೆ ಸಿಗಡಿಗೆ ಬೇಕಾದದ್ದು ಮೂರೇ ನಿಮಿಷ.

ಇದಕ್ಕೆಲ್ಲ ಒಂದು ರೀತಿಯಲ್ಲಿ, ಆ ಸ್ವಾತಂತ್ರ್ಯಕ್ಕೆ ಹೋರಾಡಿದ ಮುಂದಾಳು ಜಾನ್ ಆಡಮ್ಸನೇ ಹೊಣೆ. ಈ ದಿನವನ್ನು ಭಕ್ತಿಯಿಂದಲೂ ಮೆರವಣಿಗೆ, ಆಟ, ಗಂಟೆ, ಗುಂಡು, ದೀಪಗಳಿಂದಲೂ ಆಚರಿಸಬೇಕೆಂದು 1776ರ ಜುಲೈ 3ರಂದು ಹೆಂಡತಿಗೆ ಬರೆದ ಪುಣ್ಯಾತ್ಮ ಅವನು. ಅವನ ಮನಸ್ಸಿನಲ್ಲಿದ್ದದ್ದು, ಸ್ವಾತಂತ್ರ್ಯದ ಪರವಾಗಿ ಮತ ಬಿದ್ದ ಜುಲೈ 2. ತಾರೀಖು ತಪ್ಪಿತು, ಊಟದ ಮಾತನ್ನಂತೂ ಎತ್ತಲೇ ಇಲ್ಲ. ಊಟವನ್ನು ಮರೆತವನಿಂದ ತಾರೀಖಾದರೂ ಹೇಗೆ ಸರಿಹೋದೀತು?

ಹಂಡೆಯಲ್ಲಿರುವುದು ಫ್ರಾಗ್‌ಮೋರ್ ಸ್ಟ್ಯೂ. ಇದೇ ಕರಾವಳಿಯ ಸೇಂಟ್ ಹೆಲೆನಾ ದ್ವೀಪದ ಊರೊಂದರ ಹೆಸರು; ಕಪ್ಪೆಗೂ ಇದಕ್ಕೂ ಸಂಬಂಧವಿಲ್ಲ. ಸ್ಟ್ಯೂ ಅನ್ನುವುದೂ ಸುಳ್ಳು, ನೀರನ್ನೆಲ್ಲ ಬಸಿದು ಚೆಲ್ಲಿ, ಉಳಿದದ್ದನ್ನು ಮೇಜಿನ ಮೇಲೆ ಹಾಸಿದ ಪೇಪರಿಗೆ ಸುರಿಯುತ್ತಾರೆ. 20 ಜನಕ್ಕೆ ಸಿಪ್ಪೆಸಹಿತ ಸಿಗಡಿ ನಾಲ್ಕೂವರೆ ಕಿಲೋ, ಸಾಸೇಜ್ ಎರಡೂವರೆ, ಸಣ್ಣ ಆಲೂಗಡ್ಡೆ ಮೂರು ಕಿಲೋ, ಮುಸುಕಿನ ಜೋಳದ 20 ತೆನೆ. ಹಂಡೆಗೆ ಅರ್ಧಕ್ಕಿಂತ ಮೇಲೆ ನೀರು ತುಂಬಿದಿರೋ, ಉಕ್ಕಿ ಗ್ಯಾಸ್ ಒಲೆ ನಂದಿಹೋಗುತ್ತದೆ. ಉಪ್ಪು, ಓಲ್ಡ್ ಬೇ ಮಸಾಲೆ ಮೊದಲೇ ಬೀಳಬೇಕು. ಆಲೂಗಡ್ಡೆಗೆ ಆಮೇಲೆ ಉದುರಿಸಿದ ಉಪ್ಪು ಹೊರಗೇ ಕೂರುತ್ತದೆ. ಆಲೂಗಡ್ಡೆ 15 ನಿಮಿಷ ಬೆಂದಮೇಲೆ ಸಾಸೇಜ್, ಇನ್ನೈದು ನಿಮಿಷಕ್ಕೆ ಜೋಳ, ಮತ್ತೈದಕ್ಕೆ ಸಿಗಡಿ. ಬಿದಿಗೆ ಚಂದ್ರನಂತೆ ಬಾಗಿದರೆ ಬೆಂದಿದೆ ಎಂದರ್ಥ. ಸುತ್ತಿಕೊಂಡು ಸೊನ್ನೆಯಾಯಿತೋ, ರಬ್ಬರು. (ಜೋಳ ತಾನೇ ಎಂದು ಕೈಹಾಕುವ ನಮ್ಮ ಸಸ್ಯಾಹಾರಿಗಳು ಗಮನಿಸಿ: ಅದು ಮಿಂದದ್ದು ಹಂದಿ ಸಾಸೇಜಿನ ರಸದಲ್ಲಿ.)

ಆದ್ದರಿಂದ ಬಲ್ಲವರು ಆಮೆನ್ ಕೇಳಿದ ಮೇಲೆಯೇ ಸಿಗಡಿ ಹಾಕುತ್ತಾರೆ. ಆ ಮೂರು ನಿಮಿಷ ಜನ ಏನು ಮಾಡಬೇಕು? ಐಸ್‌ಕ್ರೀಮ್ ಬಕೆಟ್ಟಿನ ಸುತ್ತ ನಿಲ್ಲಬೇಕು.

ಈ ಬಕೆಟ್ಟಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಕೈಯಲ್ಲಿ ತಿರುಗಿಸುವ ಈ ಯಂತ್ರಕ್ಕೆ 1843ರಲ್ಲಿ ಪೇಟೆಂಟ್ ಪಡೆದವಳು ನ್ಯಾನ್ಸಿ ಜಾನ್ಸನ್. ನಡುವಿನ ಡಬ್ಬಿಗೆ ಹಾಲು, ಕೆನೆ, ಸಕ್ಕರೆ. ಮೂರರಲ್ಲಿ ಎರಡು ಪಾಲು ಮಾತ್ರ, ಏಕೆಂದರೆ ಗಾಳಿ ಸೇರಿ ಉಬ್ಬುತ್ತದೆ. ಸುತ್ತ ಪುಡಿ ಮಂಜುಗಡ್ಡೆ ಆರು ಪಾಲು, ಕಲ್ಲುಪ್ಪು ಒಂದು ಪಾಲು. ಉಪ್ಪು ಹೆಚ್ಚಾದರೆ ಡಬ್ಬಿಯ ಅಂಚು ಕಲ್ಲಾಗಿ ನಡು ನೀರಾಗಿರುತ್ತದೆ. ಕಡಿಮೆಯಾದರೆ ರಾತ್ರಿ ಪಟಾಕಿ ಮುಗಿದರೂ ಹಾಲು ಹಾಲೇ. ಪೀಚ್ ಹಣ್ಣನ್ನು ಹಾಗೇ ಹೆಚ್ಚಿ ಹಾಕುವವರಿದ್ದಾರೆ. ಅವರಿಗೆ ಹಲ್ಲಿನ ಡಾಕ್ಟರ ಹತ್ತಿರ ಏನಾದರೂ ಒಪ್ಪಂದವಿರಬೇಕು. ಹಣ್ಣನ್ನು ಕಿವುಚಿ, ಸಕ್ಕರೆಯಲ್ಲಿ ಒಂದು ಗಂಟೆ ನೆನೆಸದಿದ್ದರೆ ಒಂದೊಂದು ತುಂಡೂ ಬೆಣಚುಕಲ್ಲು. ಬಕೆಟ್ಟಿನ ಮೇಲ್ಭಾಗದಲ್ಲಿ ಪಕ್ಕಕ್ಕೊಂದು ತೂತಿರುತ್ತದೆ. ಅದಕ್ಕೆ ಮಂಜುಗಡ್ಡೆಯ ಚೂರು ಸಿಕ್ಕಿಕೊಂಡರೆ ಉಪ್ಪುನೀರು ಮೇಲೇರಿ ಮುಚ್ಚಳದ ಸಂದಿಯಿಂದ ಡಬ್ಬಿಯೊಳಗಿಳಿಯುತ್ತದೆ. ಹಾಗಾದ ಐಸ್‌ಕ್ರೀಮನ್ನು ಎಷ್ಟುದ್ದದ ಪ್ರಾರ್ಥನೆಯೂ ಉಳಿಸದು. ಇಪ್ಪತ್ತು ನಿಮಿಷ ತಿರುಗಿಸುವಷ್ಟರಲ್ಲಿ ಹಿಡಿಕೆ ಬಿಗಿಯುತ್ತದೆ, ಬಕೆಟ್ಟೇ ಕುಣಿಯತೊಡಗುತ್ತದೆ. ಆಗ ಟವೆಲು ಮಡಿಸಿ ಹಾಕಿ, ಮೇಲೊಂದು ಮಗುವನ್ನು ಕೂರಿಸಬೇಕು. ತೀರಾ ಸಣಕಲು ಮಗು ಆಗದು. ಈಗ ಕರೆಂಟಿನ ಬಕೆಟ್ಟು ಬಂದಿದೆ. ಗೊರಗೊರ ಎನ್ನುತ್ತ ಪಕ್ಕದವರ ಮಾತೂ ಕೇಳಿಸದಂತೆ ಮಾಡುತ್ತದೆ, ಮಕ್ಕಳಿಗಿದ್ದ ಒಂದು ಉದ್ಯೋಗವನ್ನೂ ಕಿತ್ತುಕೊಂಡಿದೆ. ಗಟ್ಟಿಯಾದ ಕೂಡಲೇ ಬಡಿಸುವಂತೆಯೂ ಇಲ್ಲ. ಒಳಗಿನ ಕಲಕುವ ರೆಕ್ಕೆ ತೆಗೆದು, ಡಬ್ಬಿಯ ಬಾಯಿ ಬಿಗಿದು, ಹೊಸ ಮಂಜುಗಡ್ಡೆ ಉಪ್ಪು ತುಂಬಿ, ಕಂಬಳಿ ಹೊದಿಸಿ ಒಂದು ಗಂಟೆ ಮಲಗಿಸಬೇಕು. ಆ ರೆಕ್ಕೆಗೆ ಅಂಟಿದ್ದನ್ನು ನೆಕ್ಕುವ ಹಕ್ಕು, ಮೇಲೆ ಕೂತು ಅಂಡು ತಣ್ಣಗಾದ ಆ ಮಗುವಿನದು. ಅಲ್ಲಿ ದೊಡ್ಡವರು ಕೈಹಾಕಬಾರದು, ಹಾಕುತ್ತಾರೆ.

ಅಯ್ಯೋ, ಸಿಗಡಿ! ಒಲೆ ಆರಿಸಿದರೇ ಯಾರಾದರೂ? ಹಂಡೆಯ ತುಂಬ ಸೊನ್ನೆಗಳು.