ಬಿಸಿಲು ಹೂತ ಗುಂಡಿ

ಹಿತ್ತಲಿನ ನಾಲ್ಕು ಅಡಿ ಆಳದ ಗುಂಡಿಯೊಳಗೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದೆ. ಕಾಂಪೌಂಡಿನ ಮೇಲೆ ಪಕ್ಕದ ಮನೆಯವರ ತಲೆ ಮೂಡಿತು.

"ಬಾವೀನಾ?"

"ಅಲ್ಲ."

"ಸಂಪಾ?"

"ಅಲ್ಲ ಸಾರ್."

"ಮತ್ತೆ?"

"ಬಿಸಿಲು ಹೂಳ್ತಾ ಇದೀನಿ."

ತಲೆ ಮೆಲ್ಲಗೆ ಮುಳುಗಿತು. ಅರ್ಧ ಗಂಟೆ ಬಿಟ್ಟು ಅವರು ಮುಂಬಾಗಿಲಿಗೆ ಬಂದು ನನ್ನ ಹೆಂಡತಿಯ ಹತ್ತಿರ ತಗ್ಗಿದ ದನಿಯಲ್ಲಿ, "ಯಜಮಾನ್ರು ರಾತ್ರಿ ಹೊತ್ತು ಸರಿಯಾಗಿ ನಿದ್ದೆ ಮಾಡ್ತಾರಾಮ್ಮಾ?" ಎಂದು ವಿಚಾರಿಸಿಕೊಂಡು ಹೋದರಂತೆ.

ನಿದ್ದೆ ಮಾಡುತ್ತಿರಲಿಲ್ಲ, ನಿಜ. ಅಮೆರಿಕದ ನೆಬ್ರಾಸ್ಕದಲ್ಲಿ ರಸ್ ಫಿಂಚ್ ಎಂಬ ನಿವೃತ್ತ ಅಂಚೆಯವರೊಬ್ಬರು ಸುತ್ತ ಹಿಮ ಬೀಳುತ್ತಿರುವಾಗ ಹಸಿರುಮನೆಯೊಳಗೆ ಕಿತ್ತಳೆ ಬೆಳೆದ ಸಂಗತಿ ಓದಿದ ರಾತ್ರಿಯಿಂದಲೇ ನನ್ನ ನಿದ್ದೆ ಹಾರಿತ್ತು. ಅವರು ಎಂಟು ಅಡಿ ಆಳದಲ್ಲಿ ಪೈಪು ಹೂತು, ನೆಲದ ಬಿಸುಪನ್ನೇ ಗಾಳಿಯಲ್ಲಿ ಮೇಲಕ್ಕೆ ತಂದವರು. ಎಂಟು ಅಡಿ ಅಗೆಯಲು ನನ್ನ ಸೊಂಟ ಒಪ್ಪಲಿಲ್ಲ. ನಾಲ್ಕೇ ಅಡಿಯಲ್ಲಿ ಮುಗಿಯುವ ಇನ್ನೊಂದು ವಿಧಾನ ಇತ್ತು. ಹಗಲು ಹಸಿರುಮನೆಯ ಸೂರಿನಡಿ ಸೇರುವ ಬಿಸಿಗಾಳಿಯನ್ನು ಫ್ಯಾನಿನಿಂದ ನೆಲದೊಳಗಿನ ಪೈಪುಗಳಿಗೆ ತಳ್ಳಬೇಕು. ಮಣ್ಣು ಆ ಬಿಸಿಯನ್ನು ಹೀರಿ ಇಟ್ಟುಕೊಳ್ಳುತ್ತದೆ. ರಾತ್ರಿ ಚಳಿಯಾದಾಗ ಅದೇ ಫ್ಯಾನು ಅದೇ ಬಿಸಿಯನ್ನು ವಾಪಸ್ ತರುತ್ತದೆ. ಕಾಗದದ ಮೇಲೆ ಇದಕ್ಕಿಂತ ಚೆಂದದ ವ್ಯವಸ್ಥೆ ಇನ್ನೊಂದಿಲ್ಲ.

"ಇರೋ ಮನೆ ಸೋರ್ತಾ ಇದೆ, ಇವರಿಗೆ ಹಸಿರುಮನೆ ಬೇಕಂತೆ" ಎಂದಳು ಇವಳು.

ನಾನು ಲೆಕ್ಕ ಒಪ್ಪಿಸಿದೆ. ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋ. ಅದನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1.2 ಕಿಲೋಜೂಲ್ ಶಾಖ ಸಾಕು. ಅಷ್ಟೇ ಜಾಗದ ಒದ್ದೆ ಮಣ್ಣಿಗೆ ಹೆಚ್ಚುಕಡಿಮೆ ಎರಡು ಸಾವಿರ ಪಟ್ಟು ಬೇಕು. ಅಂದರೆ ಗಾಳಿ ಕೈಯಲ್ಲಿ ಕಾಸು ನಿಲ್ಲದ ಜಾತಿ. ಸೂರ್ಯ ಮುಳುಗುವಷ್ಟರಲ್ಲಿ ಜೇಬು ಖಾಲಿ. ಮಣ್ಣು ಹಾಗಲ್ಲ. ಜಿಪುಣ. ಕೊಟ್ಟದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

"ಹಾಗಾದ್ರೆ ವಾಪಸ್ ಹೇಗೆ ಕೊಡುತ್ತೆ?" ಎಂದು ಮಗಳು ಕೇಳಿದಳು. ಆಗ ನನ್ನ ಹತ್ತಿರ ಉತ್ತರ ಇತ್ತು. ಉತ್ತರ ಇತ್ತು ಎಂದೇ ನಾನು ತಿಳಿದಿದ್ದೆ.

ಗುಂಡಿಯ ತಳದಲ್ಲಿ ನಾಲ್ಕು ಇಂಚಿನ, ತೂತುಗಳಿರುವ, ಮೈಯೆಲ್ಲ ಸುಕ್ಕಿನ ಪೈಪುಗಳನ್ನು ಒಂದೊಂದು ಅಡಿ ಬಿಟ್ಟು ಸಾಲಾಗಿ ಹಾಸಿದೆ. ಅದರ ಮೇಲೆ ಮಣ್ಣು, ಮತ್ತೊಂದು ಸಾಲು ಪೈಪು, ಮತ್ತೆ ಮಣ್ಣು. ಹಿಡಿದ ಬಿಸಿ ಅಕ್ಕಪಕ್ಕಕ್ಕೆ ಸೋರಿಹೋಗದಂತೆ ಗುಂಡಿಯ ಅಂಚಿನುದ್ದಕ್ಕೂ ದಪ್ಪ ಥರ್ಮೋಕೋಲ್ ಹಲಗೆಗಳನ್ನು ನಿಲ್ಲಿಸಬೇಕು. ನಿಲ್ಲಿಸಿದೆ. ಕಾಂಪೌಂಡಿನ ಕಡೆಯ ಮೂಲೆಗೆ ಬಂದಾಗ ಎರಡು ಹಲಗೆ ಕಮ್ಮಿ ಬಿದ್ದವು. ಎಣಿಸಿ ತಂದಿದ್ದೆ, ಕಮ್ಮಿ ಬೀಳುವ ಹಾಗೇ ಇರಲಿಲ್ಲ. ವಾರದ ನಂತರ ಮಗಳು ಶಾಲೆಯಿಂದ ಬಹುಮಾನ ಹಿಡಿದು ಬಂದಳು. ಅವಳು ಮಾಡಿದ ಜ್ವಾಲಾಮುಖಿಯ ಮಾದರಿ ಎಲ್ಲರಿಗೂ ಮೆಚ್ಚುಗೆಯಾಗಿತ್ತಂತೆ. ಎರಡು ದಪ್ಪ ಹಲಗೆ ಕೊರೆದು ಮಾಡಿದ ಜ್ವಾಲಾಮುಖಿ. ಅಷ್ಟರಲ್ಲಿ ಗುಂಡಿ ಮುಚ್ಚಿಯಾಗಿತ್ತು. ಒಂದು ಮೂಲೆ ತಾನೇ, ಇರಲಿ ಎಂದುಕೊಂಡೆ.

ಮೇಲೆ ಚೌಕಟ್ಟು ನಿಂತು, ಹಾಳೆ ಹೊದ್ದು, ಫ್ಯಾನು ಕೂತು, ಟೊಮೆಟೊ, ಬದನೆ, ಸೌತೆ, ಹುರುಳಿಕಾಯಿ ಒಳಹೊಕ್ಕಾಗ ಚಳಿಗಾಲ ಬಾಗಿಲಲ್ಲೇ ನಿಂತಿತ್ತು. ಒಳ್ಳೇ ಮುಹೂರ್ತ ಎಂದು ಬೀಗಿದೆ. ಮೊದಲ ಕೊರೆಯುವ ರಾತ್ರಿ, ಬಿಸಿ ಅಳೆದು ಫ್ಯಾನನ್ನು ತಾನಾಗಿ ಎಬ್ಬಿಸುವ ಥರ್ಮೋಸ್ಟ್ಯಾಟ್ 12 ಡಿಗ್ರಿಗೆ ಇಳಿದದ್ದೇ ಫ್ಯಾನು ಗೊರ್ರೆಂದು ಎದ್ದಿತು. ನಾನು ಸ್ವೆಟರ್ ಬಿಚ್ಚಿಟ್ಟು, ಬೆಚ್ಚಗಿನ ಗಾಳಿಯ ನಿರೀಕ್ಷೆಯಲ್ಲಿ ಪೈಪಿನ ಬಾಯಿಗೆ ಮುಖ ಒಡ್ಡಿದೆ. ಬಂದದ್ದು ಬಾವಿಯೊಳಗಿನಂಥ ತಣ್ಣನೆ ಗಾಳಿ. ರಾತ್ರಿಯಿಡೀ ಅದೇ ಬೀಸಿತು. ಬೆಳಿಗ್ಗೆ ಬದನೆ ಸಸಿಗಳು ಮದುವೆ ಮನೆಯಲ್ಲಿ ಯಾರೂ ಮಾತಾಡಿಸದ ನೆಂಟರಂತೆ ತಲೆ ತಗ್ಗಿಸಿ ನಿಂತಿದ್ದವು.

ಕಾರಣ ಹೊಳೆಯಲು ಮೂರು ದಿನ ಬೇಕಾಯಿತು. ಬಿಸಿ ವಾಪಸ್ ಬರಬೇಕಾದರೆ ಮೊದಲು ಇಟ್ಟಿರಬೇಕಲ್ಲ! ಅಷ್ಟು ಮಣ್ಣು ಕಾಯಲು ವಾರಗಟ್ಟಲೆ ಬಿಸಿಲು ಕುಡಿಸಬೇಕು. ನಾನು ಬೇಸಿಗೆಯಿಡೀ ಗುಂಡಿ ತೋಡುತ್ತಾ, ಮಣ್ಣಿಗೆ ಬೀಳಬೇಕಾದ ಬಿಸಿಲನ್ನೆಲ್ಲ ನನ್ನ ಬೆನ್ನಿಗೆ ತುಂಬಿಸಿಕೊಂಡಿದ್ದೆ. ಖಾತೆ ತೆರೆದ ದಿನವೇ ಹಣ ತೆಗೆಯಲು ಹೋಗಿ ಕೌಂಟರಿನ ಮುಂದೆ ಕೈಚಾಚಿ ನಿಂತವನ ಪಾಡು ನನ್ನದು.

ಸರಿ, ಈಗಿನಿಂದಲಾದರೂ ಕೂಡಿಡೋಣ ಎಂದು ಹಗಲಿನ ಥರ್ಮೋಸ್ಟ್ಯಾಟನ್ನು 27 ಡಿಗ್ರಿಗೆ ಇಟ್ಟೆ. ಒಳಗಿನ ಗಾಳಿ ಅದನ್ನು ದಾಟಿದರೆ ಫ್ಯಾನು ಬಿಸಿಯನ್ನು ಕೆಳಗೆ ತಳ್ಳುತ್ತದೆ. ಆದರೆ ಬೆಳಿಗ್ಗೆ ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಿಗೆಲ್ಲ, ನನ್ನ ಉಸಿರು ಹೊಗೆಯಾಗಿ ಕಾಣುತ್ತಿರುವಾಗಲೇ, ಫ್ಯಾನು ಶುರುವಾಗುತ್ತಿತ್ತು. ಥರ್ಮೋಸ್ಟ್ಯಾಟಿನ ಮೇಲೆ ಎಳೆಬಿಸಿಲು ನೇರ ಬೀಳುತ್ತಿತ್ತು. ಅದು ಅಳೆಯುತ್ತಿದ್ದದ್ದು ಗಾಳಿಯನ್ನಲ್ಲ, ತನ್ನ ಮೈಯನ್ನು. ನೆತ್ತಿ ಕಾದವನು ಊರಿಗೆಲ್ಲ ಜ್ವರ ಎಂದಂತೆ. ಪರಿಣಾಮ, ಕೊರೆಯುವ ಗಾಳಿ ಕೆಳಗಿಳಿದು ಮಣ್ಣಲ್ಲಿದ್ದ ಚೂರುಪಾರು ಬಿಸಿಯನ್ನೂ ಎತ್ತಿಕೊಂಡು ಬರುತ್ತಿತ್ತು.

ಇದಕ್ಕೆ ಗಾಳಿಯಾಡುವ ಬಿಳಿ ಪೆಟ್ಟಿಗೆ ಮಾಡಿ ಮುಚ್ಚಬೇಕು. ಸದ್ಯಕ್ಕೆ ಇರಲಿ ಎಂದು ಕೈಗೆ ಸಿಕ್ಕ ಹಳೆಯ ಬಟ್ಟೆ ಟೋಪಿಯನ್ನು ಅದರ ತಲೆಗೆ ನೇತುಹಾಕಿದೆ. ಅದ್ಭುತವಾಗಿ ಕೆಲಸ ಮಾಡಿತು. ಎರಡು ದಿನ. ಮೂರನೆಯ ದಿನದಿಂದ ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಫ್ಯಾನು ಎದ್ದು ಕೂತು, ಮುಕ್ಕಾಲು ಗಂಟೆ ಕಿರುಚಿ, ಮಲಗತೊಡಗಿತು. ನಾನು ಹೋಗಿ ನೋಡುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತಿತ್ತು. ವೈರು ಬದಲಿಸಿದೆ. ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಚುಚ್ಚಿ, ತಲೆ ಕೆರೆದುಕೊಂಡು, "ಅರ್ಥಿಂಗ್ ಇರಬೇಕು ಸಾರ್" ಎಂದ. ಕಾರಣ ಗೊತ್ತಾಗದ ರೋಗಕ್ಕೆಲ್ಲ ವೈದ್ಯರು ವಯಸ್ಸು ಎನ್ನುವಂತೆ ಇವರದು ಅರ್ಥಿಂಗು.

ಒಂದು ವಾರ ಅಪ್ಪನಿಗೆ ನೆಗಡಿಯಾಯಿತು. ಫ್ಯಾನಿನ ಕಾಯಿಲೆಯೂ ಅದೇ ವಾರ ವಾಸಿಯಾಯಿತು. ಅಪ್ಪ ಎದ್ದು ವಾಕಿಂಗ್ ಹೊರಟ ದಿನ ಮತ್ತೆ ಗೊರ್. ಓಡಿಹೋಗಿ ನೋಡಿದರೆ ಥರ್ಮೋಸ್ಟ್ಯಾಟ್ ಬೋಳುತಲೆಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದೆ.

"ಅಪ್ಪ, ಆ ಟೋಪಿ..."

"ನನ್ನ ಟೋಪಿ ಕಣೋ ಇದು. ಯಾವನೋ ದಿನಾ ತಗೊಂಡು ಹೋಗಿ ಆ ಡಬ್ಬಿಗೆ ಹಾಕ್ತಾನೆ. ನಾನೂ ನೋಡ್ತಾ ಇದೀನಿ, ಯಾರು ಅಂತ."

ಹೊಸ ಟೋಪಿ ತಂದುಕೊಟ್ಟೆ. ಅಪ್ಪನಿಗೆ ಅದು ಬಿಗಿ. ಬಿಳಿ ಪೆಟ್ಟಿಗೆ ಈ ಭಾನುವಾರ ಖಂಡಿತ ಮಾಡುತ್ತೇನೆ.

ಇಷ್ಟರ ನಡುವೆ ಹುರುಳಿಕಾಯಿ ಬೀಜ ಹುಟ್ಟಲೇ ಇಲ್ಲ. ಎರಡನೆಯ ಸಲ ಹಾಕಿದೆ, ಇಲ್ಲ. ಮೂರನೆಯ ಸಲವೂ ಇಲ್ಲ. ಮಣ್ಣು ಕೆದಕಿದರೆ ಕೊಳೆತ ಬೀಜವೂ ಸಿಗದು. ಆಮೇಲೊಂದು ದಿನ ಗಾಳಿ ಹೊರಬರುವ ಪೈಪಿನ ಬಾಯಿಂದ ಏನೋ ಹಳದಿಯಾಗಿ ಇಣುಕುತ್ತಿತ್ತು. ಬಗ್ಗಿ ನೋಡಿದೆ. ಹುರುಳಿಕಾಯಿ ಸಸಿಗಳು! ಕತ್ತಲಲ್ಲಿ ಹುಟ್ಟಿ, ಬೆಳಕು ಹುಡುಕಿಕೊಂಡು ಕೊಕ್ಕರೆಯ ಕಾಲಿನಂತೆ ಉದ್ದುದ್ದ ಬೆಳೆದು, ಬಿಳಿಚಿಕೊಂಡು, ಗುಂಪಾಗಿ ಹೊರಗೆ ಬರುತ್ತಿವೆ. ಅವುಗಳ ಹಿಂದೆ, ಒಳಗೆ, ಎರಡು ಹೊಳೆಯುವ ಕಣ್ಣು.

ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆಯನ್ನು ಬದುಕಿನಲ್ಲಿ ನೂರು ಸಲ ಬೇರೆಯವರ ಮೇಲೆ ಪ್ರಯೋಗಿಸಿದ್ದೆ. ನಾನು ಅಗೆದದ್ದು ಬೆಟ್ಟವಲ್ಲ, ಹಿತ್ತಲು. ಇಲಿಯನ್ನು ಹಿಡಿಯಲೂ ಇಲ್ಲ, ಅದೇ ಬಂದು ಮನೆ ಹೂಡಿತ್ತು. ಪೈಪಿನ ಬಾಯಿಗೆ ತಂತಿ ಬಲೆ ಬಿಗಿಯಬೇಕೆಂಬ ಒಂದು ಸಾಲನ್ನು ಓದಿ ಮರೆತಿದ್ದೆ. ನಾನು ಬಿತ್ತಿದ್ದನ್ನು ಇಲಿರಾಯ ಹೆಕ್ಕಿ ಕೊಂಡೊಯ್ದು ಒಳಗೆ ಗೋದಾಮು ಮಾಡಿಕೊಂಡಿದ್ದ. ಪೈಪಿನೊಳಗೆ ತೇವ, ಹದವಾದ ಬಿಸುಪು. ಬೀಜಕ್ಕೆ ಇನ್ನೇನು ಬೇಕು? ಇಡೀ ವ್ಯವಸ್ಥೆಯನ್ನು ಸರಿಯಾಗಿ ಅರ್ಥ ಮಾಡಿಕೊಂಡು ಬಳಸಿದವನು ಅವನೊಬ್ಬನೇ ಎಂದು ಇವಳು ಈಗಲೂ ಹೇಳುತ್ತಾಳೆ.

ಇಲಿಗೆಂದು ಬೆಕ್ಕು ಬಂತು. ತಾನಾಗಿಯೇ ಬಂತು. ಅಷ್ಟರಲ್ಲಿ ಮಣ್ಣು ನಿಜಕ್ಕೂ ಸ್ವಲ್ಪ ಕಾದಿತ್ತು. ರಾತ್ರಿ ಪೈಪಿನ ಬಾಯಲ್ಲಿ ಬೆಚ್ಚನೆ ಉಸಿರು ಬರತೊಡಗಿತ್ತು. ಬೆಕ್ಕು ಒಂದು ಸುತ್ತು ಹಾಕಿ, ಮೂಸಿ, ಆ ಬಾಯಿಯ ಮೇಲೆ ಮುದ್ದೆಯಾಗಿ ಕೂತು ಕಣ್ಣು ಮುಚ್ಚಿತು. ಇಲಿ ಇನ್ನೊಂದು ಬಾಯಿಂದ ಓಡಾಡಿಕೊಂಡಿತು. ನಾಲ್ಕು ತಿಂಗಳ ನನ್ನ ದುಡಿಮೆಯ ಬಿಸಿಯೆಲ್ಲ ಒಂದು ಬೆಕ್ಕಿನ ಹೊಟ್ಟೆಗೆ ಹೋಗುತ್ತಿದ್ದುದನ್ನು ನಾನು ಟಾರ್ಚ್ ಹಿಡಿದು ನೋಡಿದ್ದೇನೆ.

ನಂತರ ಬಂದದ್ದು ಬಟ್ಟೆ. ಹೊರಗೆ ಒಣಗದ ದಿನ ಇವಳು ಒಳಗೆ ಹಗ್ಗ ಕಟ್ಟಿದಳು. ಟೊಮೆಟೊ ಸಾಲಿನ ಮೇಲೆ ಬೆಡ್‌ಶೀಟು, ಸೌತೆಬಳ್ಳಿಯ ಜೊತೆಗೆ ಟವೆಲ್ಲು. ನಾನು ಕೂಗಾಡಿದೆ. ಹಸಿರುಮನೆಯಲ್ಲಿ ತೇವ ಹೆಚ್ಚಾದರೆ ಎಲೆ, ಹೂವಿಗೆ ಬೂಸ್ಟು ಹಿಡಿಯುತ್ತದೆ, ಇದು ವಿಜ್ಞಾನ, ಅದು ಲಂಗ, ತೆಗಿ ಎಂದೆ. ಅವಳು ತೆಗೆಯಲಿಲ್ಲ. ಆದರೆ ಬಟ್ಟೆ ಒಣಹಾಕಿದ ರಾತ್ರಿಗಳಲ್ಲಿ ಪೈಪಿನಿಂದ ಬರುವ ಗಾಳಿ ಬೇರೆ ದಿನಗಳಿಗಿಂತ ಬೆಚ್ಚಗಿರುತ್ತಿತ್ತು! ಕೂತು ಲೆಕ್ಕ ಹಾಕಿದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2450 ಕಿಲೋಜೂಲ್ ನುಂಗುತ್ತದೆ. ಆ ಆವಿ ತಣ್ಣನೆಯ ಪೈಪಿನಲ್ಲಿ ಮತ್ತೆ ನೀರಾಗುವಾಗ ಅಷ್ಟನ್ನೂ ಅಲ್ಲಿ ಕಕ್ಕುತ್ತದೆ. ಒಂದು ಹಗ್ಗದ ಬಟ್ಟೆಯಲ್ಲಿ ಮೂರು ಲೀಟರ್ ನೀರಿದ್ದರೆ, ಅದೆಲ್ಲ ಕೆಳಗೆ ಹೋಗಿ ಹನಿಗಟ್ಟಿದರೆ, ಸಾವಿರ ವ್ಯಾಟಿನ ಹೀಟರು ಎರಡು ಗಂಟೆ ಉರಿದಷ್ಟು ಬಿಸಿ. ಬಿಸಿಲಿನದೇ ಬಿಸಿ, ಆದರೆ ಹೊತ್ತು ಕೆಳಗಿಳಿಸಿದ ಕೂಲಿ ನಮ್ಮ ಬೆಡ್‌ಶೀಟು. ಪೈಪಿನಲ್ಲಿ ತೂತುಗಳಿರುವುದೂ ಆ ನೀರು ಮಣ್ಣಿಗೆ ಇಂಗಲೆಂದೇ.

ಇದನ್ನು ಇವಳಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೇಳಲಿಲ್ಲ. ಕೂಗಾಡುವುದನ್ನು ಮಾತ್ರ ನಿಲ್ಲಿಸಿದೆ. ಅವಳಿಗೆ ಅನುಮಾನ ಬಂದು, "ಯಾಕ್ರೀ, ಮೈ ಹುಷಾರಿಲ್ವಾ?" ಎಂದಳು.

ಟೊಮೆಟೊ ಹೂ ಬಿಟ್ಟಿತು, ಕಾಯಿ ಕಟ್ಟಲಿಲ್ಲ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇವೆ, ಆದರೆ ಪರಾಗ ಉದುರಲು ಯಾರಾದರೂ ಅಲುಗಾಡಿಸಬೇಕು. ಬಯಲಲ್ಲಿ ಗಾಳಿ, ದುಂಬಿಗಳು ಆ ಕೆಲಸ ಮಾಡುತ್ತವೆ. ನನ್ನ ಹಸಿರುಮನೆಗೆ ಇಲಿ ಬರುತ್ತದೆ, ಬೆಕ್ಕು ಬರುತ್ತದೆ, ದುಂಬಿ ಬರುವುದಿಲ್ಲ. ದೊಡ್ಡ ಹಸಿರುಮನೆಗಳಲ್ಲೂ ಮೊದಲು ಆಳುಗಳು ಕಂಪಿಸುವ ಕೋಲು ಹಿಡಿದು ಹೂವಿನಿಂದ ಹೂವಿಗೆ ತಿರುಗುತ್ತಿದ್ದರು. 1980ರ ದಶಕದಲ್ಲಿ ಬೆಲ್ಜಿಯಂನ ರೋಲಾಂಡ್ ಡಿ ಯೋಂಗೆ ಎಂಬ ಪಶುವೈದ್ಯರು ಸಾಕಿದ ದುಂಬಿಗಳಿಗೆ ಆ ನೌಕರಿ ಕೊಡಿಸಿದ ಮೇಲೆ ಆಳುಗಳಿಗೆ ಬಿಡುವಾಯಿತು. ನನ್ನ ಹತ್ತಿರ ಇದ್ದದ್ದು ಒಂದು ಬ್ಯಾಟರಿ ಟೂತ್‌ಬ್ರಶ್. ಹೂಗೊಂಚಲಿನ ತೊಟ್ಟಿಗೆ ಅದರ ಬೆನ್ನು ತಾಗಿಸಿದರೆ ಸಾಕು, ಹಳದಿ ಹುಡಿ ಉದುರುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ಗಿಡದಿಂದ ಗಿಡಕ್ಕೆ ಬ್ರಶ್ ಹಿಡಿದು ಸಾಗುತ್ತಿದ್ದಾಗ ಕಾಂಪೌಂಡಿನ ಮೇಲೆ ಆ ತಲೆ ಮತ್ತೆ ಮೂಡಿತು. ನೋಡಿತು. ಏನೂ ಕೇಳದೆ ಇಳಿಯಿತು. ಆಮೇಲಿಂದ ಅವರು ನನ್ನ ಜೊತೆ ಮಾತಾಡುವಾಗ ಒಂದೊಂದೇ ಪದ ಬಿಡಿಸಿ, ನಿಧಾನವಾಗಿ ಹೇಳುತ್ತಾರೆ.

ಟೊಮೆಟೊ ಕಾಯಿ ಕಟ್ಟಿತು ಎನ್ನಿ. ಹನ್ನೊಂದು. ಬ್ರಶ್ ಮಗಳದ್ದಾಗಿತ್ತು ಎಂಬ ವಿಷಯ ಆಮೇಲೆ ಹೊರಬಿತ್ತು.

ರೋಮಿನ ಟೈಬೀರಿಯಸ್ ಚಕ್ರವರ್ತಿಗೆ ದಿನವೂ ಸೌತೆ ಬೇಕಿತ್ತಂತೆ. ಅವನ ತೋಟದವರು ಗಾಲಿಗಳ ಮೇಲೆ ಪಾತಿ ಕಟ್ಟಿ, ಹಗಲು ಬಿಸಿಲಿಗೆ ತಳ್ಳಿ, ಚಳಿ ಬಂದಾಗ ಪಾರದರ್ಶಕ ಕಲ್ಲಿನ ಹಲಗೆಗಳಡಿ ಒಳಗೆಳೆಯುತ್ತಿದ್ದರೆಂದು ಆ ಕಾಲದ ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಚಕ್ರವರ್ತಿ ಎಂದಾದರೂ ಆ ಗಾಡಿ ತಾನೇ ತಳ್ಳಿದ್ದನೇ? ಸೌತೆಯ ಬಗ್ಗೆ ನಾನು ಇಷ್ಟೇ ಹೇಳುವುದು.

ಎರಡನೆಯ ವರ್ಷ ಬೇಸಿಗೆಯಿಡೀ ಮಣ್ಣಿಗೆ ಬಿಸಿಲು ಕುಡಿಸಿದೆ. ಪೈಪಿಗೆ ಬಲೆ ಬಿಗಿದೆ. ಆದರೂ ರಾತ್ರಿಯ ಲೆಕ್ಕದಲ್ಲಿ ಏನೋ ಸೋರುತ್ತಿತ್ತು. ಕಾಂಪೌಂಡಿನ ಕಡೆಯ ಮೂಲೆ! ಅದೇ ಜ್ವಾಲಾಮುಖಿ ಮೂಲೆ. ಸೊಂಟ ಹಿಡಿದುಕೊಂಡು ಮತ್ತೆ ಅಗೆದು ಎರಡು ಹಲಗೆ ಇಳಿಸಿದೆ. ಆ ಚಳಿಗಾಲ ಹೊರಗೆ 6 ಡಿಗ್ರಿ ಇದ್ದಾಗ ಒಳಗೆ 13. ಬದನೆ ತಲೆ ಎತ್ತಿ ನಿಂತಿತು. ಅಪ್ಪ ಕುರ್ಚಿ ಹಾಕಿಕೊಂಡು ಪೇಪರ್ ಓದಲು ಅಲ್ಲಿಗೇ ಬಂದರು.

ಹದಿನೈದು ದಿನದ ಮೇಲೆ, ಬೆಳಿಗ್ಗೆ, ಕಾಂಪೌಂಡಿನ ಮೇಲೆ ತಲೆ. ಈ ಸಲ ಮುಖ ಸಪ್ಪಗಿತ್ತು.

"ಹೋದ ವರ್ಷ ಚಳೀಲೂ ನಮ್ಮ ಗುಲಾಬಿ ಹೇಗೆ ಬಿಟ್ಟಿತ್ತು ನೋಡಿದ್ರಲ್ಲ? ಈ ಮೂಲೇದು?"

"ನೋಡಿದ್ದೆ."

"ಈ ಸಲ ಒಂದು ಮೊಗ್ಗಿಲ್ಲ." ಸುತ್ತ ನೋಡಿ, ದನಿ ತಗ್ಗಿಸಿದರು. "ನೀವು ಆ ಬಿಳಿ ಹಲಗೆ ಇಳಿಸಿದ ಮೇಲೇನೇ. ಅದು... ನಿಮ್ಮ ಬಿಸಿಲು ಇದೆಯಲ್ಲ, ಹೂತಿಟ್ಟಿದ್ದು... ಸ್ವಲ್ಪ ಈ ಕಡೆಗೆ ಬಿಡೋಕಾಗುತ್ತಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಬೆನ್ನ ಹಿಂದೆ ಫ್ಯಾನು ಗೊರ್ರೆಂದಿತು. ಗಂಟೆ ನೋಡಿದೆ. ಏಳೂವರೆ. ಗೇಟಿನ ಹತ್ತಿರ ಅಪ್ಪ ಟೋಪಿ ಸರಿಮಾಡಿಕೊಳ್ಳುತ್ತಿದ್ದರು.