ಡ್ರೇನ್ ಬೋಲ್ಟು, ಒಂದು ವಾಷರು, ನಮ್ಮ ‘ಇನ್ನೊಂಚೂರು ಟೈಟು’

ಸ್ಟುಟ್‌ಗಾರ್ಟ್‌ನ ಊರಂಚಿನ ಒಂದು ‘ಮೀಟ್‌ವೆರ್ಕ್‌ಷ್ಟಾಟ್’. ಅಂದರೆ ಗಂಟೆ ಲೆಕ್ಕದ ಬಾಡಿಗೆ ಗ್ಯಾರೇಜು. ಜಾಗ, ಲಿಫ್ಟು, ಪಾನಾ ಸೆಟ್ಟು ಅವರದು. ಗಾಡಿ, ಕೈ ನಿಮ್ಮದು. ಹತ್ತೊಂಬತ್ತಿಪ್ಪತ್ತರ ಹುಡುಗಿಯೊಬ್ಬಳು ತನ್ನ 125 ಸಿಸಿ ಬೈಕಿನ ಆಯಿಲ್ ಬದಲಾಯಿಸುತ್ತಿದ್ದಳು. ಹಳೇ ಆಯಿಲ್ ಪೂರ್ತಿ ಇಳಿದ ಮೇಲೆ ಎಂಜಿನ್ನಿನ ಅಡಿಯಲ್ಲಿ ಆಯಿಲ್ ಇಳಿಸಲೆಂದೇ ಇರುವ ಡ್ರೇನ್ ಬೋಲ್ಟಿನ ವಾಷರ್ ಕಿತ್ತು ಕಸಕ್ಕೆ ಹಾಕಿ ಹೊಸದು ಏರಿಸಿದಳು. ಬೋಲ್ಟನ್ನು ಬೆರಳಲ್ಲೇ ಕೊನೆತನಕ ತಿರುಗಿಸಿ, ಟಾರ್ಕ್ ರೆಂಚನ್ನು (ಹೇಳಿದಷ್ಟು ಬಿಗಿಯಾದೊಡನೆ ಸದ್ದು ಮಾಡಿ ತಿಳಿಸುವ ಪಾನಾ) 25 ನ್ಯೂಟನ್ ಮೀಟರ್‌ಗೆ ಇಟ್ಟು ಎಳೆದಳು. ಕಟ್ ಅಂತ ಸದ್ದು ಬಂತು, ಕೈ ಬಿಟ್ಟಳು. ಇನ್ನೊಂದು ಸಲ ಎಳೆದು ನೋಡಲಿಲ್ಲ.

ನಮ್ಮೂರಲ್ಲಿ ಹಾಗೆ ಬಿಡುವ ಕೈ ಕಂಡಿದ್ದೀರಾ? ಅಲ್ಲಿ ಬೋಲ್ಟು ಕೂತ ಮೇಲೂ ‘ಇನ್ನೊಂಚೂರು’ ಇರುತ್ತದೆ. ಪಾನಾ ಸಾಲದಿದ್ದರೆ ಅದರ ಬಾಲಕ್ಕೆ ಒಂದು ಪೈಪು. ಎರಡು ವರ್ಷ ಕಳೆದ ಮೇಲೆ ಅದೇ ಬೋಲ್ಟಿನ ಸುತ್ತ ಬೂದು ಬಣ್ಣದ ಎಮ್‌ಸೀಲ್. ಬೆಂಗಳೂರು, ಹಾಸನ, ಶಿವಮೊಗ್ಗ, ಎಲ್ಲೇ ಹೋಗಿ, ನಿಲ್ಲಿಸಿದ ಹತ್ತು ಗಾಡಿಗಳ ಕೆಳಗೆ ಬಗ್ಗಿ ನೋಡಿ, ಒಂದರಲ್ಲಾದರೂ ಈ ಬೂದು ಗಂಟು ಕಾಣುತ್ತದೆ.

ಇದು ಹೇಗಾಗುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎಂಜಿನ್ನಿನ ಕ್ರ್ಯಾಂಕ್‌ಕೇಸ್ (ಕೆಳಭಾಗದ ಹೊರಕವಚ) ಅಲ್ಯೂಮಿನಿಯಂ, ಬೋಲ್ಟು ಉಕ್ಕು. ನಡುವಿನ ವಾಷರ್ ಅಲ್ಯೂಮಿನಿಯಂ ಅಥವಾ ತಾಮ್ರದ್ದು. ಅದು ಒಂದೇ ಸಲ ಜಜ್ಜಿಹೋಗಿ ಸಂದು ತುಂಬಲೆಂದೇ ಮಾಡಿದ ಮೆತ್ತನೆ ಲೋಹ. ಒಮ್ಮೆ ಜಜ್ಜಿದ್ದು ಗಟ್ಟಿಯಾಗುತ್ತದೆ, ಮೇಲೆ ಗೆರೆ ಬೀಳುತ್ತದೆ. ಮರುಸಲ ಅದನ್ನೇ ಹಾಕಿದರೆ ಸಣ್ಣಗೆ ಜಿನುಗುತ್ತದೆ. ಜಿನುಗಿತು ಅಂತ ಇನ್ನಷ್ಟು ಬಿಗಿಯುತ್ತಾರೆ. ತಪ್ಪು ವಾಷರಿನದು, ಶಿಕ್ಷೆ ತೂತಿನೊಳಗಿನ ತಿರುಪುಗೆರೆಗೆ, ಅಂದರೆ ಥ್ರೆಡ್ಡಿಗೆ. ಪ್ರತಿ ಸಲ ಅಲ್ಯೂಮಿನಿಯಂ ಥ್ರೆಡ್ ಕೂದಲೆಳೆಯಷ್ಟು ಸೋಲುತ್ತಾ ಬಂದು, ಒಂದು ದಿನ ಬಿಚ್ಚುವಾಗ ಬೋಲ್ಟಿಗೆ ಸುತ್ತಿಕೊಂಡು ಬೆಳ್ಳಗೆ ಸ್ಪ್ರಿಂಗಿನ ಹಾಗೆ ಹೊರಗೆ ಬರುತ್ತದೆ. ಆ ಬೆಳ್ಳಿ ಸುರುಳಿ ಕಂಡರೆ ಮುಗಿಯಿತು, ಆ ತೂತಿಗೆ ಆ ಬೋಲ್ಟು ಇನ್ನು ನಿಲ್ಲುವುದಿಲ್ಲ. ಜರ್ಮನಿಯ ಮೆಕ್ಯಾನಿಕ್‌ಗಳ ಬಾಯಲ್ಲಿ ಇದಕ್ಕೆ ಮೂರು ನಾಲ್ಕು ಶಬ್ದದ ಗಾದೆಯೇ ಇದೆ: ‘ನಾಖ್ ಫೆಸ್ಟ್ ಕೊಮ್ಟ್ ಆಬ್’. ಬಿಗಿಯಾದ ಮೇಲೆ ಬರುವುದು, ಕಿತ್ತು ಬರುವುದು.

ಟಾರ್ಕ್ ರೆಂಚ್ ಇಲ್ಲದವರಿಗೂ ದಾರಿಯಿದೆ. 25 ನ್ಯೂಟನ್ ಮೀಟರ್ ಅಂದರೆ 20 ಸೆಂಟಿಮೀಟರ್ ಉದ್ದದ ಪಾನಾದ ತುದಿಯಲ್ಲಿ ಹನ್ನೆರಡು ಹದಿಮೂರು ಕೆಜಿ ಎಳೆತ. 25 ಕೆಜಿ ಅಕ್ಕಿ ಮೂಟೆಯ ಅರ್ಧದಷ್ಟು, ಅಷ್ಟೇ. ಪೈಪು ಹಾಕಿ ಪಾನಾವನ್ನು 40 ಸೆಂಟಿಮೀಟರ್ ಮಾಡಿದಿರಾ, ಅದೇ ಕೈಬಲಕ್ಕೆ 50 ಆಯಿತು. ಚಿಕ್ಕ ಬೈಕುಗಳ 12 ಎಂಎಂ ಬೋಲ್ಟಿಗೆ 25ರ ಆಸುಪಾಸು ಸಾಮಾನ್ಯ. ನಿಮ್ಮ ಗಾಡಿಯ ಸರಿಯಾದ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿದೆ, ಅದನ್ನೇ ನಂಬಿ.

ಉಳಿದದ್ದು ಸುಲಭ. ಎಂಜಿನ್ ಐದು ನಿಮಿಷ ಓಡಿಸಿ ಆರಿಸಿ, ಆಯಿಲ್ ತೆಳುವಾಗಲಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಮೊದಲು ಮೇಲಿನ ಆಯಿಲ್ ಕ್ಯಾಪ್ ಬಿಚ್ಚಿ, ಆಮೇಲೆ ಕೆಳಗಿನ ಬೋಲ್ಟು. ಹತ್ತು ನಿಮಿಷ ಸೋರಲು ಬಿಡಿ. ಹೊಸ ವಾಷರ್, ಬೋಲ್ಟು, ಹೊಸ ಆಯಿಲ್. ಎರಡು ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಅಷ್ಟೇ ಹೊತ್ತು ಕಾದು ಮಟ್ಟ ನೋಡಿ. ಹೋಂಡಾ, ಹೀರೋ ಗಾಡಿಗಳಲ್ಲಿ ಡಿಪ್‌ಸ್ಟಿಕ್ ಸುಮ್ಮನೆ ಇಳಿಸಿ ನೋಡಬೇಕು, ತಿರುಪಬಾರದು. ತಿರುಪಿ ನೋಡಿದರೆ ಕಡ್ಡಿ ಇನ್ನೂ ಕೆಳಗಿಳಿದು, ಆಯಿಲ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ; ನೀವು ಕಮ್ಮಿ ಆಯಿಲಿನಲ್ಲಿ ಓಡಿಸುತ್ತೀರಿ. ಡಬ್ಬಿಯ ಮೇಲೆ ‘ಜಾಸೋ ಎಂಎ’ ಅಥವಾ ‘ಎಂಎ2’ ಅಂತ ಇರಲೇಬೇಕು, ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲಿನ ಗುರುತು ಅದು. ಕಾರಿನ ಆಯಿಲ್ ಅಗ್ಗಕ್ಕೆ ಸಿಕ್ಕಿತೆಂದು ಹುಯ್ದರೆ ಘಾಟಿ ಏರುವಾಗ ಆರ್‌ಪಿಎಂ ಏರುತ್ತದೆ, ಗಾಡಿ ಏರುವುದಿಲ್ಲ. ಬೈಕಿನ ಕ್ಲಚ್ ಪ್ಲೇಟುಗಳು ಅದೇ ಆಯಿಲಿನಲ್ಲಿ ನೆನೆದಿರುತ್ತವೆ, ಕಾರಿನ ಆಯಿಲಿನ ಜಾರುವ ಮದ್ದು ಅವನ್ನೂ ಜಾರಿಸುತ್ತದೆ.

ಇನ್ನು ಇಳಿಸಿದ ಆಯಿಲ್. ಜರ್ಮನಿಯಲ್ಲಿ ಹೊಸ ಆಯಿಲ್ ಮಾರಿದ ಅಂಗಡಿಯವನು ಅಷ್ಟೇ ಪ್ರಮಾಣದ ಹಳೆಯದನ್ನು ವಾಪಸ್ ತೆಗೆದುಕೊಳ್ಳಬೇಕು, ಕಾನೂನು. ನಮ್ಮಲ್ಲಿ ಅದು ಚರಂಡಿಗೆ, ಮಿಕ್ಕಿದ್ದು ಚೈನಿಗೆ. ಚೈನಿಗೆ ಹಾಕುವುದು ಉಳಿತಾಯ ಅಂದುಕೊಂಡಿದ್ದೇವೆ. ಆ ಆಯಿಲಿನಲ್ಲಿ ಕಾರ್ಬನ್ ಇದೆ, ಲೋಹದ ಪುಡಿ ಇದೆ. ರಸ್ತೆ ಧೂಳು ಸೇರಿದರೆ ಅರೆಯುವ ಕಲ್ಲಾಗುತ್ತದೆ. ಸೀಮೆಎಣ್ಣೆಯಲ್ಲಿ ಮೆತ್ತನೆ ಬ್ರಷ್ ಅದ್ದಿ ತೊಳೆದು, ಒರೆಸಿ, ಎಸ್‌ಎಇ 90 ಗೇರ್ ಆಯಿಲ್ ಹಚ್ಚಿ. ಒಂದು ಲೀಟರ್ ಡಬ್ಬಿ ವರ್ಷಗಟ್ಟಲೆ ಬರುತ್ತದೆ.

ಚೈನ್ ಮುಗಿದಿದೆಯೋ ಇಲ್ಲವೋ ಅಂತ ಮೆಕ್ಯಾನಿಕ್ ಹೇಳಲಿ ಎಂದು ಕಾಯಬೇಕಾಗಿಲ್ಲ, ಸ್ಕೂಲ್ ಸ್ಕೇಲ್ ಸಾಕು. 428 ಅಳತೆಯ ಚೈನಿನ ಒಂದು ಲಿಂಕ್ 12.7 ಎಂಎಂ, ಇಪ್ಪತ್ತು ಲಿಂಕಿಗೆ 254. ಚೈನ್ ಬಿಗಿಯಾಗಿ ಎಳೆದು ಅಳೆಯಿರಿ. 257 ದಾಟಿದರೆ ಹೊಸದಕ್ಕೆ ದುಡ್ಡು ತೆಗೆದಿಡಿ, 259 ಆದರೆ ಇವತ್ತೇ ಬದಲಿಸಿ, ಎರಡು ಸ್ಪ್ರಾಕೆಟ್ (ಹಲ್ಲುಚಕ್ರ) ಸಮೇತ. ಚೈನ್ ಮಾತ್ರ ಬದಲಿಸಿದರೆ ಸವೆದ ಹಲ್ಲು ಹೊಸ ಚೈನನ್ನು ಬೇಗ ತಿನ್ನುತ್ತದೆ. ಚೈನಿನ ಎರಡು ತುದಿ ಕೂಡಿಸುವ ಲಾಕ್ ಕ್ಲಿಪ್ಪಿನ ಮುಚ್ಚಿದ ಬದಿ ಚೈನ್ ಓಡುವ ದಿಕ್ಕಿಗೆ ಇರಲಿ. ತಿರುಗುಮುರುಗಾದರೆ ಕಲ್ಲು ಬಡಿದು ಹಾರಿಹೋಗುತ್ತದೆ.

ಸ್ಪೇರ್ಸ್ ಅಂಗಡಿಯ ವಿಷಯಕ್ಕೆ ಬಂದರೆ ನನ್ನ ಹೊಟ್ಟೆಯುರಿ ಇನ್ನೂ ಹೆಚ್ಚು. ಬೆಂಗಳೂರಿನ ಜೆ.ಸಿ. ರಸ್ತೆಯ ಕೌಂಟರಿನಲ್ಲಿ ಕೇಳುವುದು ಒಂದೇ ಪ್ರಶ್ನೆ: ‘ಒರಿಜಿನಲ್ಲಾ, ಲೋಕಲ್ಲಾ?’ ಈ ಎರಡರ ನಡುವೆ ಇನ್ನೊಂದಿದೆ: ಬೈಕ್ ಕಂಪನಿಗೆ ಸಾಮಾನು ಮಾಡಿಕೊಡುವವನೇ ತನ್ನ ಹೆಸರಿನ ಡಬ್ಬಿಯಲ್ಲಿ ಮಾರುವ ಮಾಲು. ಚೈನಿಗೆ ಕೊಯಮತ್ತೂರಿನ ರೋಲಾನ್ ಹಾಗೆ. ಬೆಲೆ ಕಮ್ಮಿ, ಕೆಲಸ ಪಕ್ಕಾ. ಬೇರಿಂಗಂತೂ ಬೈಕಿನ ಹೆಸರು ಹೇಳಿ ಕೊಳ್ಳಲೇಬೇಡಿ. ಹಳೆಯದರ ಮೇಲೆ ನಂಬರ್ ಕೊರೆದಿರುತ್ತದೆ. 6301 ಅಂದರೆ ಒಳವ್ಯಾಸ 12, ಹೊರವ್ಯಾಸ 37, ದಪ್ಪ 12 ಎಂಎಂ, ಜಗತ್ತಿನಲ್ಲೆಲ್ಲ ಅದೇ. ಮುಂದೆ ‘2ಆರ್‌ಎಸ್’ ಇದ್ದರೆ ಎರಡೂ ಬದಿ ರಬ್ಬರ್ ಸೀಲ್, ನಮ್ಮ ಮಳೆಗಾಲಕ್ಕೆ ಅದೇ ಬೇಕು. ಬೇರಿಂಗ್ ಅಂಗಡಿಯಲ್ಲಿ ನಂಬರ್ ಹೇಳಿ ಒಳ್ಳೇ ಮೇಕ್ ತನ್ನಿ.

ಯುರೋಪಿನಲ್ಲೂ ಅಗ್ಗದ ಬ್ರೇಕ್ ಪ್ಯಾಡ್ ಇದೆ. ಆದರೆ ಅದರ ಬೆನ್ನಿನ ಮೇಲೆ ‘ಇ’ ಎಂಬ ಮಂಜೂರಾತಿ ಗುರುತು, ಆರ್90 ಅನ್ನುವ ಬ್ರೇಕ್ ಪರೀಕ್ಷೆಯ ನಂಬರ್ ಇರುತ್ತದೆ. ನಮ್ಮಲ್ಲಿ ಲೋಕಲ್ ಬ್ರೇಕ್ ಶೂಗೆ ತೂಕ, ಬಣ್ಣ, ಅಂಗಡಿಯವನ ಮಾತು, ಇಷ್ಟೇ ಸಾಕ್ಷಿ. ಲಿವರ್, ಫುಟ್‌ರೆಸ್ಟ್ ರಬ್ಬರ್, ಇಂಡಿಕೇಟರ್ ಗ್ಲಾಸು ಲೋಕಲ್ ಇದ್ದರೂ ನಡೆಯುತ್ತದೆ. ಬ್ರೇಕ್ ಶೂ ಬೇಡ. ಕೆಟ್ಟ ಅಂಟಿನ ಲೈನರ್ (ಶೂ ಮೇಲೆ ಅಂಟಿಸಿದ ಉಜ್ಜುವ ಪಟ್ಟಿ) ಬಿಸಿಗೆ ಶೂ ಬಿಟ್ಟೇ ಎದ್ದುಬಂದು ಡ್ರಮ್ಮಿನೊಳಗೆ ಸಿಕ್ಕಿಕೊಳ್ಳುತ್ತದೆ, ಚಕ್ರ ನಿಂತುಬಿಡುತ್ತದೆ.

ನಾವು ಮೊದಲಿಂದ ಹೀಗಿರಲಿಲ್ಲ ಅನ್ನುವುದೇ ಸಂಕಟ. 1961ರಿಂದ 1996ರವರೆಗೆ ಮೈಸೂರಿನಲ್ಲೇ ಜಾವಾ, ಯೆಜ್ಡಿ ತಯಾರಾದವು. ಅದನ್ನು ಓಡಿಸಿದ ತಲೆಮಾರಿನ ಮೇಷ್ಟ್ರು, ಗುಮಾಸ್ತರು ಸ್ಪಾರ್ಕ್ ಹುಟ್ಟಿಸುವ ಪಾಯಿಂಟಿನ ಗ್ಯಾಪನ್ನು ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿ ಇಟ್ಟು 0.4 ಎಂಎಂಗೆ ತಾವೇ ಕೂರಿಸುತ್ತಿದ್ದರು. ಆಯುಧಪೂಜೆಗೆ ಪಾನಾಗಳಿಗೂ ಕುಂಕುಮ ಇಡುವ ನಾವು ವರ್ಷದ ಉಳಿದ ದಿನ ಅವನ್ನು ಮುಟ್ಟುವುದನ್ನೇ ಬಿಟ್ಟೆವು.

ಇಷ್ಟು ಬೈದ ಮೇಲೆ ಒಪ್ಪಬೇಕಾದ ಮಾತೂ ಇದೆ. ಜರ್ಮನರು ತಾವೇ ಪಾನಾ ಹಿಡಿಯುವುದಕ್ಕೆ ಪ್ರೀತಿಯೊಂದೇ ಕಾರಣವಲ್ಲ. ಗ್ಯಾರೇಜಿನ ಕೂಲಿ ಗಂಟೆಗೆ 100 ಯೂರೋ ದಾಟುವುದು ಅಲ್ಲಿ ಮಾಮೂಲು. ನಮ್ಮಲ್ಲಿ ಆಯಿಲ್ ಚೇಂಜಿಗೆ ನೂರು ರೂಪಾಯಿ ಕೊಟ್ಟು ‘ಬೇಗ ಅಣ್ಣ, ಆಫೀಸಿಗೆ ಲೇಟಾಯ್ತು’ ಅಂತ ತಲೆಯ ಮೇಲೆ ನಿಲ್ಲುವವರು ನಾವೇ. ಆ ದುಡ್ಡಿನಲ್ಲಿ, ಆ ಅವಸರದಲ್ಲಿ, ಯಾವ ಹುಡುಗ ಟಾರ್ಕ್ ರೆಂಚ್ ಕೊಳ್ಳುತ್ತಾನೆ? ಹತ್ತು ರೂಪಾಯಿ ವಾಷರನ್ನು ಬಿಲ್ಲಿಗೆ ಸೇರಿಸಿದರೆ ಜಗಳಕ್ಕೆ ಬರುವವರೂ ನಾವೇ.

ಅದೇ ಹುಡುಗ ಸುಟ್ಟ ಸ್ಟೇಟರ್ ಕಾಯಿಲನ್ನು (ಗಾಡಿಗೆ ಕರೆಂಟ್ ಹುಟ್ಟಿಸುವ ತಂತಿಸುರುಳಿ) ಬಿಚ್ಚಿ ಹೊಸ ತಂತಿ ಸುತ್ತಿಸಿ ತರುತ್ತಾನೆ. ಜರ್ಮನಿಯಲ್ಲಿ ಮೊದಲು ಕೇಳುವುದು ಪೂರ್ತಿ ಹೊಸ ಯೂನಿಟ್ಟನ್ನೇ. ಥ್ರೆಡ್ ಹೋದ ಕ್ರ್ಯಾಂಕ್‌ಕೇಸನ್ನು ಲೇತ್‌ನವರು ಡ್ರಿಲ್ ಹೊಡೆದು, ಟ್ಯಾಪ್ ಹಾಕಿ, ಹಿತ್ತಾಳೆ ಬುಷ್ ಕೂರಿಸಿ, ಒಳಗೆ ಹೊಸ ಥ್ರೆಡ್ ಕೊರೆದು ಸಂಜೆಯೊಳಗೆ ಕೊಡುತ್ತಾರೆ. ಎಮ್‌ಸೀಲ್ ಹಚ್ಚಿದ ಗಾಡಿ ಮನೆಯಲ್ಲಿದ್ದರೆ ಅವರಲ್ಲಿಗೇ ಒಯ್ಯಿರಿ. ಡ್ರಿಲ್ಲಿಗೆ ಗ್ರೀಸ್ ಬಳಿದುಕೊಳ್ಳಲು ಹೇಳಿ, ಅಲ್ಯೂಮಿನಿಯಂ ಪುಡಿ ಅದಕ್ಕೆ ಅಂಟಿಕೊಂಡು ಹೊರಬರಲಿ. ಕೆಲಸ ಮುಗಿದ ಮೇಲೆ ಅರ್ಧ ಲೀಟರ್ ಅಗ್ಗದ ಆಯಿಲ್ ಮೇಲಿನಿಂದ ಹುಯ್ದು, ಎಂಜಿನ್ ಓಡಿಸದೆ ಹಾಗೇ ಕೆಳಗೆ ಹರಿಸಿಬಿಡಿ. ಉಳಿದ ಪುಡಿ ಅದರ ಜೊತೆ ಹೋಗುತ್ತದೆ. ವಾಷರ್ ಮಾತ್ರ ನೀವೇ ಕೊಂಡುಹೋಗಿ, ನಾಲ್ಕು ಇರಲಿ.